ಬ್ರಹ್ಮಗಿರಿಯ ಬಂಡೆಯೂ ಚಪಡನ ಸಹಿಯೂ

ಜಿಪಿಎಸ್ ಹಿಡಿದು ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವುದು, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುವುದು: ಇದು ಜಿಯೋಕ್ಯಾಶಿಂಗ್. 2000ದ ಮೇ ತಿಂಗಳಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಶುರುವಾದ ಆಟ. ಹುಡುಕಾಟದ ವಿಷಯಕ್ಕೆ ಬಂದರೆ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಇದಕ್ಕಿಂತ ಹಳೆಯ ಕಥೆಯಿದೆ.

1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯರ ಆಡಳಿತ ಇಷ್ಟು ದಕ್ಷಿಣಕ್ಕೆ ಬಂದಿತ್ತು ಎಂಬುದಕ್ಕೆ ಬಂಡೆಗಳೇ ಸಾಕ್ಷಿಯಾದವು. ಸುವರ್ಣಗಿರಿಯ ರಾಜಕುಮಾರ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಕಳಿಸಿದ ಆಜ್ಞೆ ಅದು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಸಾರ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಬೃಹತ್ ಶಿಲಾ ಸಮಾಧಿಗಳೂ ಬೆಳಕಿಗೆ ಬಂದವು.

ನಮ್ಮನ್ನು ಹಿಡಿದು ನಿಲ್ಲಿಸುವುದು ಶಾಸನದ ಕೊನೆ. ಬರೆದವನು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಅವನು ಅತ್ತಲಿನವನೋ, ಅಲ್ಲಿ ದುಡಿದವನೋ ಇರಬೇಕೆಂದು ವಿದ್ವಾಂಸರ ಊಹೆ. ಅಷ್ಟು ದೂರದ ನಂಟು ಉಳಿದಿರುವುದು ಈ ಕೆಲವೇ ಅಕ್ಷರಗಳಲ್ಲಿ.

ಈಗ ದಾರಿ ಫೋನಿನಲ್ಲೇ ಸಿಗುತ್ತದೆ, ಯಾರು ಬೇಕಾದರೂ ತಲುಪಬಹುದು. ಆದರೆ ಪಕ್ಕದಲ್ಲಿ ಇನ್ನೊಂದು ಹೆಸರು ಗೀಚಿದರೆ ಚಪಡನ ಅಕ್ಷರಕ್ಕೇ ಕುತ್ತು. ಸಂರಕ್ಷಿತ ಸ್ಮಾರಕವನ್ನು ಕೆಡಿಸುವುದು 1958ರ ಕಾಯ್ದೆಯಂತೆ ಅಪರಾಧವೂ ಹೌದು. ಡಬ್ಬಿ ಹುಡುಕುವವರ ನಿಯಮವನ್ನೇ ನಾವೂ ಪಾಲಿಸೋಣ: ನೋಡಿ, ಇದ್ದ ಹಾಗೆ ಬಿಟ್ಟು ಬರೋಣ.