ಪೆಟಗ್ಯಾಗ ಬಂದ ಅಡಗಿ

ಮೊನ್ನೆ ಸಂಜಿಮುಂದ ಎದುರಮನಿ ವೈನಿ ಬಂದು ಕುಂತ್ರು. "ನಮ್ಮ ಸೊಸಿ ಬೆಂಗಳೂರಾಗ ಅದೇನೋ ಅಡಗಿ ಪೆಟಗಿ ತರಸ್ತೀನಿ ಅಂತಾಳ್ರೀ. ಹೆಚ್ಚೂ ಕಾಯಿಪಲ್ಯೆ, ಮಸಾಲಿ ಎಲ್ಲಾ ಅಳದು ಕಳಸ್ತಾರಂತ, ನಾವು ಬರೇ ಒಲಿ ಮ್ಯಾಲ ಇಡೂದಂತ. ಆರೋಗ್ಯಕ್ಕ ಚಲೋ ಅಂತಾಳ. ನೀವು ಮಗಳ ಮನ್ಯಾಗ ನೋಡೀರೆಲಾ, ಕೊಟ್ಟ ರೊಕ್ಕಕ್ಕ ಬರೋಬ್ಬರಿ ಏನ್ರೀ?" ಅಂತ ಕೇಳಿದ್ರು. ಹೌದು ಅಂತನೂ ಅನ್ನಾಕ ಆಗಲಿಲ್ಲ, ಇಲ್ಲ ಅಂತನೂ ಅನ್ನಾಕ ಆಗಲಿಲ್ಲ. ಯಾಕಂದ್ರ ಇದೇ ಪೆಟಗಿ ಸಂಬಂಧ ನಾ ನನ್ನ ಮಗಳ ಕಣ್ಣಾಗ ನೀರ ತರಿಸೀನಿ. ಅದಕ್ಕ ಸಾವಕಾಶ ಕುಂತು ಬರೀಲಿಕ್ಕತ್ತೀನಿ.

ಎರಡು ವರ್ಷದ ಹಿಂದ ಮಗಳ ಬಾಣಂತನಕ್ಕ ಅಂತ ಜರ್ಮನಿಗೆ ಹೋಗಿದ್ದೆ. ಅಂಟಿನುಂಡಿ, ಅಳವಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲಾ ಕಟಗೊಂಡು ಹೋಗಿದ್ದೆ. ಹೋದ ವಾರದಾಗ ಬಾಗಲ ಮುಂದ ಒಂದು ರಟ್ಟಿನ ಪೆಟಗಿ ಬಂತು. ಬಿಚ್ಚಿ ನೋಡಿದ್ರ ಒಳಗ ಬರ್ಫದ ಚೀಲ, ಒಂದು ಉಳ್ಳಾಗಡ್ಡಿ, ಒಂದು ಗಜ್ಜರಿ, ಒಂದು ಹಿಡಿಯಷ್ಟು ಅಕ್ಕಿ ಪಾಕೀಟು, ಬಳ್ಳೊಳ್ಳಿ ಎರಡೇ ಎರಡು ಎಸಳು. ಜೋಡಿಗೆ ಚಿತ್ರ ಇದ್ದ ಒಂದು ಕಾರ್ಡು. ನನ್ನ ಬಾಯಿ ಸುಮ್ಮನ ಇರಬೇಕಲ್ಲ! "ಎರಡು ಬಳ್ಳೊಳ್ಳಿ ಎಸಳಿಗೆ ಒಂದು ಪೆಟಗಿ ಬೇಕಾತೇನವಾ? ನಿಮ್ಮಜ್ಜಿ ಹನ್ನೆರಡು ಮಂದಿಗೆ ರೊಟ್ಟಿ ಬಡೀತಿದ್ಲು," ಅಂದುಬಿಟ್ಟೆ. ಆಕಿ ಏನೂ ಅನಲಿಲ್ಲ. ಕೂಸಿನ್ನ ಎತಗೊಂಡು ಒಳಗ ಹೋದ್ಲು. ರಾತ್ರಿ ಹೇಳಿದ್ಲು, "ಅವ್ವಾ, ಅಡಗಿ ಮಾಡೂದು ನನಗ ಬ್ಯಾಸರಿಲ್ಲ. ಇವತ್ತು ಏನ ಮಾಡ್ಲಿ ಅಂತ ದಿನಾ ವಿಚಾರ ಮಾಡೂದು ಸಾಕಾಗೇತಿ."

ಆ ಮಾತು ಕೇಳಿ ನನಗ ನಮ್ಮವ್ವ ನೆನಪಾದ್ಲು. ಮುಂಜಾನೆ ಚಾ ಕುಡಕೋತ ಆಕಿನೂ ದಿನಾ ಅದನ್ನ ಕೇಳತಿದ್ಲು, "ಇವತ್ತು ಏನ ಮಾಡ್ಲಿ?" ಯಾರೂ ಉತ್ರಾ ಕೊಡತಿದ್ದಿಲ್ಲ. ಮಾಡಿದ್ದು ಉಂಡು ಏಳತಿದ್ವಿ.

ಹೊರಗಿನ ಅಡಗಿ ಅನ್ನೂದು ನಮಗೇನು ಹೊಸಾದಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಖಾನಾವಳಿ ಎಷ್ಟು ಹಳೇವು ನೋಡ್ರಿ. 1956ರ ತನಕಾ ನಾವು ಮುಂಬಯಿ ಸೀಮಿಗೆ ಸೇರಿದವರು, ಆ ಕಡೆನೂ ಇದೇ ಹೆಸರು ಐತಿ. ಮುಂಬಯಿ ಬಟ್ಟಿ ಗಿರಣಿಗೆ ಊರು ಬಿಟ್ಟು ಬಂದ ಗಂಡಸರಿಗೆ ಅನ್ನ ಹಾಕಿದವರು ಹೆಣ್ಣಮಕ್ಕಳು. ಸಣ್ಣ ಖೋಲ್ಯಾಗ ಕುಂತು ತಿಂಗಳ ಲೆಕ್ಕದ ಮ್ಯಾಲ ಊಟಾ ಮಾಡಿ ಹಾಕತಿದ್ರು. ಕಿರಾಣಿ ಅಂಗಡ್ಯಾಗ ಉದ್ರಿ, ಸಾವಕಾರನ ಬಡ್ಡಿ, ಇದರಾಗ ಅವರ ಜೀವ ಹಣ್ಣಾಗಿತ್ತು. 1975ರಾಗ ಪ್ರೇಮಾ ಪುರವ ಅನ್ನೂ ಕಾರ್ಯಕರ್ತೆ ಇವರನ್ನ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ರು, ಬ್ಯಾಂಕಿನ ಸಾಲಾ ಕೊಡಿಸಿದ್ರು. ಅಲ್ಲೀತನಕಾ ಉಂಡವರು ಊಟದ ರೊಕ್ಕಾ ಲೆಕ್ಕಾ ಹಾಕಿದ್ರು, ಮಾಡಿದಾಕಿ ತಾಸು ಯಾರೂ ಲೆಕ್ಕಾ ಹಾಕಿದ್ದಿಲ್ಲ.

ಅದೇ 1975ರ ಸುಮಾರಿಗೆ ಬೆಂಗಳೂರಾಗ ಇನ್ನೊಂದು ನಡೀತು. 1924ರಾಗ ಸುರು ಆದ ಎಂ.ಟಿ.ಆರ್. ಹೋಟೆಲು, ತುರ್ತು ಪರಿಸ್ಥಿತಿ ಹೊತ್ತಿನ್ಯಾಗ ಸರಕಾರ ಊಟ-ತಿಂಡಿ ದರಾ ಇಳಸರಿ ಅಂದದ್ದಕ್ಕ ನಷ್ಟಕ್ಕ ಬಿತ್ತು. ಹೋಟೆಲು ಮುಚ್ಚಿದ್ರು. ಕೆಲಸದವರ ಕೈಗೆ ಕೆಲಸ ಬೇಕಲ್ಲ, ರವಾ ಇಡ್ಲಿ ಅಂಥಾವಕ್ಕ ಕಲಸಿದ ಹಿಟ್ಟು, ಮಸಾಲಿ ಪುಡಿ ಪಾಕೀಟು ಮಾಡಿ ಮಾರಲಿಕ್ಕೆ ಹತ್ತಿದ್ರು. ಮುಂದ 2005ರಾಗ ಅದೇ ಬೆಂಗಳೂರಾಗ ಐಡಿ ಅನ್ನೂ ಕಂಪನಿ ರುಬ್ಬಿದ ಇಡ್ಲಿ-ದ್ವಾಸಿ ಹಿಟ್ಟು ಚೀಲದಾಗ ಹಾಕಿ ಮಾರಲಿಕ್ಕೆ ನಿಂತಿತು. ನಮ್ಮ ಮನ್ಯಾಗ ಮೊದಲನೇ ಸಲಾ ಸಾಂಬಾರ ಪುಡಿ ಪಾಕೀಟು ತಂದಾಗ ನಮ್ಮ ಆಯಿ, "ಮನ್ಯಾಗ ಹೆಂಗಸರು ಇಲ್ಲೇನು?" ಅಂದಿದ್ಲು. ಆ ಮಾತು ನನ್ನ ಕಿವ್ಯಾಗ ಇನ್ನೂ ಐತಿ. ನಾನೂ ಮಗಳಿಗೆ ಅದನ್ನ ಅಂದೆ, ಶಬ್ದ ಬ್ಯಾರೆ ಇದ್ವು, ಅಷ್ಟ.

ಈಗ ಪೆಟಗಿ ಕಥಿಗೆ ಬರೂಣು. ಇದು ಹುಟ್ಟಿದ್ದು ಸ್ವೀಡನ್ ದೇಶದಾಗ, 2007ರಾಗ. ಕಿಕಿ ಥಿಯಾಂಡರ್ ಅನ್ನೂ ಹೆಣ್ಣಮಗಳು ಸ್ಟಾಕ್‌ಹೋಮಿನ್ಯಾಗ ಸುರು ಮಾಡಿದ್ಲು. ಹೆಸರು ಮಿಡ್ಡಾಗ್ಸ್‌ಫ್ರೀಡ್. ಅಂದ್ರ "ಊಟದ ಹೊತ್ತಿನ ನೆಮ್ಮದಿ". ಅಡಗಿ ಬಿಡಸ್ತೀನಿ ಅಂತ ಆಕಿ ಅನಲಿಲ್ಲ, ನೆಮ್ಮದಿ ಕೊಡ್ತೀನಿ ಅಂದ್ಲು. ವಾರದ ಸಾಮಾನು, ಏನ ಮಾಡಬೇಕು ಅನ್ನೂ ಪಟ್ಟಿ, ಮಾಡೂ ರೀತಿ, ಮೂರೂ ಮನಿಗೆ ಬರತಿದ್ವು. ಅದೇ 2007ರಾಗ ಅದರ ಬಾಜೂ ದೇಶ ನಾರ್ವೆಯ ಓರ್ಕ್ಲಾ ಅನ್ನೂ ಕಂಪನಿ ನಮ್ಮ ಎಂ.ಟಿ.ಆರ್. ಪಾಕೀಟಿನ ಧಂದೆ ಕೊಂಡಿತು. ನಮ್ಮ ಕಲಸಿದ ಹಿಟ್ಟು ಆ ಕಡೆಯವರ ಕೈಗೆ ಹೋತು, ಆ ಕಡೆ ಪೆಟಗಿ ಈಗ ನಮ್ಮ ವೈನಿಯವರ ಸೊಸಿ ಬಾಗಲಿಗೆ ಬಂದೈತಿ!

ಮುಂದ 2011ರಾಗ ಬರ್ಲಿನ್ನಿನ್ಯಾಗ ಹೆಲೋಫ್ರೆಶ್, 2012ರಾಗ ನ್ಯೂಯಾರ್ಕಿನ್ಯಾಗ ಬ್ಲೂ ಏಪ್ರನ್ ಬಂದ್ವು. ಬ್ಲೂ ಏಪ್ರನ್ 2017ರಾಗ ಶೇರು ಮಾರಿದಾಗ ಅದರ ಬೆಲಿ ಸುಮಾರು 190 ಕೋಟಿ ಡಾಲರು. 2023ರಾಗ ಇನ್ನೊಬ್ಬರಿಗೆ ಮಾರಿಕೊಂಡಾಗ ಬರೇ 10 ಕೋಟಿ ಡಾಲರಿನ ಆಜುಬಾಜು. ಮೊದಲನೇ ಪೆಟಗಿ ಸೋವಿ ದರಕ್ಕ ಕೊಡತಿದ್ರು, ಮಂದಿ ತರಸ್ತಿದ್ರು. ಪೂರ್ತಿ ದರಾ ಹತ್ತಿದ ಕೂಡಲೇ ಭಾಳ ಮಂದಿ ಬಿಡತಿದ್ರು. ಆದ್ರ ಕೊರೋನಾ ಬಂದು ಎಲ್ಲಾರೂ ಮನ್ಯಾಗ ಕುಂತಾಗ ಹೆಲೋಫ್ರೆಶ್ಶಿನ ವ್ಯಾಪಾರ 2019ರಾಗ ಸುಮಾರು 180 ಕೋಟಿ ಯೂರೊ ಇದ್ದದ್ದು 2020ರಾಗ 375 ಕೋಟಿ ಆತು. ಇದರಿಂದ ನನಗ ತಿಳದದ್ದು ಇಷ್ಟ: ಪೆಟಗಿ ಅಡಚಣಿ ಹೊತ್ತಿನ ಸಾಮಾನು. ಅಡಚಣಿ ಇದ್ದಾಗ ಬೇಕಾಗ್ತದ, ತೀರಿದ ಮ್ಯಾಲ ಮಂದಿ ಲೆಕ್ಕಾ ನೋಡ್ತಾರ.

ನಾನೂ ಲೆಕ್ಕಾ ನೋಡಿದೆ. ಮಗಳಿಗೆ ಇಬ್ಬರ ಮೂರು ರಾತ್ರಿ ಊಟಕ್ಕ 45 ಯೂರೊ ಹೋಗತಿತ್ತು. ಒಂದು ಶನಿವಾರ ನಾನು, ಅಳಿಯಾ ಕೂಡಿ ಅಂಗಡಿಗೆ ಹೋಗಿ ಅವೇ ಸಾಮಾನು ತಂದ್ವಿ, 26 ಯೂರೊ ಆತು. ನಾ ಗೆದ್ದೆ ಅಂತ ತಿಳಕೊಂಡೆ. ಮುಂದಿನ ಶನಿವಾರ ಫ್ರಿಜ್ಜು ತಗದ್ರ ಅರ್ಧಾ ಕೊತಂಬರಿ ಕೊಳತಿತ್ತು, ಕೆನಿ ಡಬ್ಬಿ ಹುಳಿ ಬಂದಿತ್ತು. ಮಿಶಿಗನ್ ವಿಶ್ವವಿದ್ಯಾಲಯದವರು 2019ರಾಗ ಐದು ನಮೂನಿ ಊಟಾ ತುಲನಾ ಮಾಡಿ ನೋಡಿದ್ರು. ಪೆಟಗ್ಯಾಗ ಪ್ಲಾಸ್ಟಿಕ್ಕು ಹೆಚ್ಚು ಇದ್ರೂ ಅನ್ನ-ಕಾಯಿಪಲ್ಯೆ ಕೆಡೂದು ಕಡಿಮಿ, ಅದಕ್ಕ ಅಂಗಡಿ ಸಾಮಾನಿನ ಊಟದಿಂದ ಹವಾಕ್ಕ ಬಿಡೂ ಕೆಟ್ಟ ಅನಿಲ ಪೆಟಗಿಯದಕ್ಕಿಂತ ಸರಾಸರಿ 33 ಪರ್ಸೆಂಟ್ ಜಾಸ್ತಿ ಅಂತ ಕಂಡ್ರು. ರಟ್ಟು ನೋಡಿ ಬೈದಾಕಿ ನಾನ, ಕೊಳತ ಕೊತಂಬರಿ ಹೊರಗ ಒಗದಾಕಿನೂ ನಾನ.

ಇನ್ನ ಆರೋಗ್ಯದ್ದು. ಕಾರ್ಡಿನ ಹಿಂದ ಎಲ್ಲಾ ಬರದಿರ್ತಾರ. ಒಂದು ಊಟದ ಕಾರ್ಡಿನ್ಯಾಗ ಒಬ್ಬರಿಗೆ ಉಪ್ಪು 3 ಗ್ರಾಂ ಅಂತ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯವರು ಇಡೀ ದಿನಕ್ಕ 5 ಗ್ರಾಮಿನ ಒಳಗ ಇರಲಿ ಅಂತಾರ. ಒಂದೇ ಹೊತ್ತಿಗೆ ಅರ್ಧಾ ಮುಗೀತಲ್ರೀ! ಉಪ್ಪು ಹೆಚ್ಚು ಇದ್ದದ್ದು ಮಸಾಲಿ ಪಾಕೀಟು, ಸಾಸು ಇವುಗಳಾಗ. ಅರ್ಧಾ ಹಾಕಿ, ಲಿಂಬಿಹಣ್ಣು ಹಿಂಡಿದ್ರ ರುಚಿ ಬರತಿತ್ತು. ಜ್ವಾಳದ ರೊಟ್ಟಿ, ಕಾಳಪಲ್ಯೆ, ಮೆಂತೆ ತಪ್ಪಲಾ, ಹಸಿ ಉಳ್ಳಾಗಡ್ಡಿ ಉಣ್ಣೂ ಮನಿಗೆ ಪೆಟಗಿ ಹೊಸಾ ಆರೋಗ್ಯ ತರೂದಿಲ್ಲ. ಹೊರಗಿಂದ ಪಿಜ್ಜಾ ತರಿಸೂ ಮನಿಗೆ ಖರೇನ ಚಲೋ. ಹೊತ್ತೂ ಅಷ್ಟ: ಕಾರ್ಡಿನ್ಯಾಗ 35 ಮಿನೀಟು ಅಂತ ಇತ್ತು, ನಮಗ ಒಂದು ತಾಸು ಹಿಡೀತು. ಹೆಚ್ಚೂದು, ಭಾಂಡೆ ತಿಕ್ಕೂದು ಯಾವ ಪೆಟಗಿನೂ ಬಿಡಸೂದಿಲ್ಲ.

ಹಂಗಾದ್ರ ಆ ಹೆಚ್ಚಿನ 19 ಯೂರೊಕ್ಕ ಮಗಳಿಗೆ ಸಿಕ್ಕದ್ದೇನು? ಅದು ನನಗ ತಿಳದದ್ದು ಮೂರನೇ ವಾರಕ್ಕ. ಕೂಸು ಅಳಲಿಕ್ಕತ್ತಿತ್ತು, ಮಗಳು ಒಳಗಿದ್ಲು, ನಾ ಜ್ವರ ಬಂದು ಮಲಗಿದ್ದೆ. ಅಳಿಯಾ ಸುಮ್ಮನ ಹೋಗಿ ಪೆಟಗಿ ತಗದಾ, ಕಾರ್ಡು ಗ್ವಾಡಿಗೆ ಆನಿಸಿ ಇಟ್ಟಾ, ಒಂದು, ಎರಡು, ಮೂರು ಅಂತ ಓದಿಕೋತ ಅಡಗಿ ಮಾಡಿದಾ. ಹಾವೇರಿ ಕಡೆ ಹುಡುಗಾ, ಮದವ್ಯಾದಾಗ ಚಾ ಸುದ್ದಾ ಮಾಡಲಿಕ್ಕೆ ಬರತಿದ್ದಿಲ್ಲ. ನಾ ಇಷ್ಟು ದಿನಾ ಹೇಳಿದ್ರೂ ಯಾಕ ಕಲೀಲಿಲ್ಲ ಅಂದ್ರ, ನಮ್ಮ ಅಡಗಿ ಎಲ್ಲಾ ನಮ್ಮ ತಲ್ಯಾಗ ಐತಿ. "ಕಣ್ಣಂದಾಜು ಹಾಕು", "ಹದಾ ನೋಡಿ ಇಳಸು" ಅಂತೀವಿ. ಆ ಕಣ್ಣು ನಮಗ ಮಾತ್ರ ಐತಿ. ಖಾನಾವಳಿಯೊಳಗ ಒಬ್ಬಾಕಿ ಕೆಲಸ ಇನ್ನೊಬ್ಬಾಕಿ ಕೈಗೆ ಹೋಗಿತ್ತು. ಕಾರ್ಡು ಅದನ್ನ ಗಂಡಸಿನ ಕೈಗೆ ತಂತು.

ನಮ್ಮ ದೇಶದಾಗ 2019ರ ಸರಕಾರಿ ಸಮೀಕ್ಷೆದಾಗ ಮನಿಗೆಲಸಾ ಮಾಡೂ ಹೆಂಗಸರು ಅದಕ್ಕ ದಿನಕ್ಕ 299 ಮಿನೀಟು, ಮಾಡೂ ಗಂಡಸರು 97 ಮಿನೀಟು ಕೊಡ್ತಾರ ಅಂತ ಬಂತು. ವಿಚಾರ ಮಾಡೂ ಹೊತ್ತು ಇದರಾಗ ಎಲ್ಲಿ ಬರತೈತಿ? "ಇವತ್ತು ಏನ ಮಾಡ್ಲಿ" ಅನ್ನೂದಕ್ಕ ಗಡಿಯಾರ ಇಲ್ಲ.

ವೈನಿ, ಇದು ನನ್ನ ಉತ್ರಾ. ಸೊಸಿ ಬಸರಿಯೋ ಬಾಣಂತಿಯೋ ಇದ್ರ, ಹೊಸಾ ನೌಕರಿ ಇದ್ರ, ಮೂರು-ನಾಕು ತಿಂಗಳು ತರಸಲಿ. ದರಾ ನೋಡೂಮುಂದ ಮೊದಲನೇ ಸೋವಿ ಪೆಟಗಿದ್ದಲ್ಲ, ಮೂರನೇ ಪೆಟಗಿದ್ದು ನೋಡಲಿ. ಉಪ್ಪಿನ ಸಾಲು ಓದಲಿ. ಯಾವಾಗ ಬಿಡಬೇಕಂದ್ರೂ ಬಿಡಲಿಕ್ಕೆ ಬರತೈತೋ ಇಲ್ಲೋ ಕೇಳಕೊಳ್ಳಲಿ. ಮತ್ತ ಕಾರ್ಡು ಹಿಡದು ಅಡಗಿ ಮಾಡೂದು ಆಕಿ ಒಬ್ಬಾಕೇ ಆದ್ರ ಆ ರೊಕ್ಕಾ ದಂಡ.

ನನ್ನ ಮಗಳು ನಾಕು ತಿಂಗಳಿಗೆ ಪೆಟಗಿ ಬಿಟ್ಲು. ನಾ ಬರೂಮುಂದ ಕಾರ್ಡಿನ ಬೆನ್ನಿಗೆ ಕಾಗದಾ ಹಚ್ಚಿ ನಮ್ಮ ಅಡಗಿ ಹದಿನೈದು ಬರದು ಬಂದೀನಿ: ಹೆಸರಕಾಳ ಪಲ್ಯೆ, ಝುಣಕಾ, ಬ್ಯಾಳಿ ಸಾರು, ಉಪ್ಪಿಟ್ಟು. ಎಲ್ಲಾ ಚಮಚಾದ ಲೆಕ್ಕದಾಗ. ಕಣ್ಣಂದಾಜು ಚಮಚಾಕ್ಕ ಇಳಸೂದು ಎಷ್ಟು ತ್ರಾಸು ಅಂತೀರಿ, ಝುಣಕಾಕ್ಕ ನೀರಿನ ಅಳತಿ ಹಿಡೀಲಿಕ್ಕೆ ಮೂರು ಸಲಾ ಮಾಡಿ ನೋಡಿದೆ. ಹ್ವಾದ ರವಿವಾರ ಮಗಳ ಫೋನು ಬಂತು. ಹಿಂದಿಂದ ಅಳಿಯಾ ಕೂಗಿ ಕೇಳಲಿಕ್ಕತ್ತಿದ್ದಾ, "ಅತ್ತೀ, ಆರನೇ ಕಾರ್ಡಿನ್ಯಾಗ ಉಪ್ಪು ಬರದೇ ಇಲ್ಲಲ್ರೀ?"