ನಡೆಯಲಾರದವರ ಹೃದಯಪರೀಕ್ಷೆ

ಹೃದಯದ ಕುಂದು ಅದು ವಿಶ್ರಾಂತಿಯಲ್ಲಿರುವಾಗ ಕಾಣದೆ, ದುಡಿಯುವಾಗ ಬಯಲಾಗುವುದುಂಟು. ಇದನ್ನರಿತ ನ್ಯೂಯಾರ್ಕಿನ ವೈದ್ಯ ಆರ್ಥರ್ ಮಾಸ್ಟರ್ 1929ರಲ್ಲಿ ರೋಗಿಗಳನ್ನು ಎರಡು ಮೆಟ್ಟಿಲು ಹತ್ತಿಸಿ ಇಳಿಸಿ ಪರೀಕ್ಷಿಸಿದನು. 1963ರಲ್ಲಿ ಸಿಯಾಟಲ್ ನಗರದ ರಾಬರ್ಟ್ ಬ್ರೂಸ್, ಉರುಳುವ ಪಟ್ಟಿಯ ಮೇಲೆ ನಡೆಸಿ ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುವ ಕ್ರಮವನ್ನು ಪ್ರಕಟಿಸಿದನು. ಒಳ್ಳೆಯ ಉಪಾಯವೇ ಸರಿ. ಆದರೆ ಮಂಡಿ ಹಿಡಿದ ಮುದುಕಿಗೆ, ಕಾಲು ಕಳೆದುಕೊಂಡ ರೈತನಿಗೆ ಇದು ಒದಗುವುದೆಂತು? ಅವರಿಗೂ ಎದೆನೋವು ಬರುತ್ತದೆಯಲ್ಲ!

ಉತ್ತರದ ಬೀಜ ಅದೇ 1929ರಲ್ಲಿಯೇ ಬಿದ್ದಿತ್ತು. ಇಂಗ್ಲೆಂಡಿನ ಡ್ರೂರಿ ಮತ್ತು ಹಂಗೇರಿಯ ಸೆಂಟ್ ಗ್ಯೋರ್ಗಿ ಎಂಬವರು ಅಡಿನೊಸಿನ್ ಎಂಬ ವಸ್ತುವು ಹೃದಯದ ಬಡಿತವನ್ನು ತಗ್ಗಿಸಿ ಅದರ ರಕ್ತನಾಳಗಳನ್ನು ಹಿಗ್ಗಿಸುವುದೆಂದು ಆಗ ತೋರಿಸಿದರು. (ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅವರು ಫಿಸ್ಕೆಯೊಡನೆ ಹಾರ್ವರ್ಡಿನಲ್ಲಿ ಅದೇ ವರ್ಷ ಸ್ನಾಯುವಿನಿಂದ ಹೊರತೆಗೆದ ಎ.ಟಿ.ಪಿ.ಯ ಒಡಲಲ್ಲಿರುವುದೂ ಇದೇ ಅಡಿನೊಸಿನ್.) ಸುಮಾರು ಅರ್ಧ ಶತಮಾನದ ಮೇಲೆ, 1978ರಲ್ಲಿ, ಲ್ಯಾನ್ಸ್ ಗೌಲ್ಡ್ ದೇಹದ ಅಡಿನೊಸಿನ್ ಬೇಗ ಹೀರಿಹೋಗದಂತೆ ತಡೆಯುವ ಡೈಪಿರಿಡಮೋಲ್ ಔಷಧವನ್ನು ಕೊಟ್ಟು ಹೃದಯದ ಚಿತ್ರ ತೆಗೆದನು. ತರ್ಕ ಸರಳ: ಆರೋಗ್ಯದ ನಾಳ ಹಿಗ್ಗುತ್ತದೆ, ಕಿರಿದಾದ ನಾಳ ಅಷ್ಟು ಹಿಗ್ಗಲಾರದು, ವಿಕಿರಣಶೀಲ ಥ್ಯಾಲಿಯಮ್ ಹರಿಯಿಸಿದರೆ ಆ ಭಾಗ ಮಸುಕಾಗಿ ಕಾಣುತ್ತದೆ. ರೋಗಿ ಒಂದು ಹೆಜ್ಜೆಯನ್ನೂ ಇಡಬೇಕಿಲ್ಲ.

ಅಡಿನೊಸಿನ್ನನ್ನೇ ರಕ್ತನಾಳಕ್ಕೆ ಹನಿಸುವಾಗ ಮುಖ ಬಿಸಿಯೇರುತ್ತದೆ, ಉಸಿರು ಸಾಲದೆನಿಸುತ್ತದೆ, ಎದೆಯ ಮೇಲೆ ಭಾರ ಇಟ್ಟಂತಾಗುತ್ತದೆ. ಮೊದಲೇ ಹೇಳದಿದ್ದರೆ, ಮೃತ್ಯು ಬಂದಿತೆಂದೇ ರೋಗಿ ಬೆದರುವನು. ಹೇಳಬೇಕಾದ ಮಾತೆಂದರೆ, ಈ ವಸ್ತು ರಕ್ತದಲ್ಲಿ ಕೆಲವೇ ಕ್ಷಣ ಉಳಿಯುವುದು. ಹನಿ ನಿಲ್ಲಿಸಿದರೆ ಒಂದೆರಡು ನಿಮಿಷದಲ್ಲಿ ಬಾಧೆ ಸಾಮಾನ್ಯವಾಗಿ ಇಳಿಯುವುದು. ವೈದ್ಯರು ಅಷ್ಟು ಹೊತ್ತೂ ರಕ್ತದೊತ್ತಡವನ್ನೂ ಇ.ಸಿ.ಜಿ.ಯನ್ನೂ ನೋಡುತ್ತಿರುತ್ತಾರೆ.

ಗೂರಲುಳ್ಳವರಿಗೆ ಮಾತ್ರ ಇದು ಹಿಡಿಸದು. ಅವರಿಗೆ ಅನೇಕ ವೇಳೆ 1975ರಲ್ಲಿ ಬೆಳಕಿಗೆ ಬಂದ ಡೊಬುಟಮೈನ್ ಕೊಟ್ಟು, ಹೃದಯವನ್ನು ಓಟಗಾರನದರಂತೆ ಬಡಿಯಿಸುತ್ತಾರೆ.

ಅಡಿನೊಸಿನ್ ಪರೀಕ್ಷೆಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಮೊದಲೇ ಕಾಫಿ, ಚಹಾ ಬಿಡಬೇಕು. ಮಲೆನಾಡಿನವರಿಗೆ ಇದೇ ಕಠಿಣ ವ್ರತ! ಕಾಫಿಯ ಕೆಫೀನು ಅಡಿನೊಸಿನ್ ಕೂರುವ ಜಾಗವನ್ನು ತಾನೇ ಆಕ್ರಮಿಸಿ, ಪರೀಕ್ಷೆಯನ್ನು ಕೆಡಿಸುವುದು. ಪರೀಕ್ಷೆ ಮುಗಿದ ಮೇಲೂ ತಲೆನೋವು ಉಳಿದರೆ, ಇದೇ ಕಾರಣಕ್ಕೆ ಕೆಲವು ವೈದ್ಯರು ಒಂದು ಲೋಟ ಕಾಫಿ ಕುಡಿಸುವುದೂ ಉಂಟು.