ಹಳೆಯ ರೇಸ್ ಚಕ್ರಗಳು: ಹೊಳಪಿನಿಂದ ಪರೀಕ್ಷೆಯವರೆಗೆ

1970-80ರ ದಶಕದ ರೇಸ್ ಕಾರುಗಳು ಯುರೋಪ್, ಅಮೆರಿಕ, ಜಪಾನಿನ ಟ್ರ್ಯಾಕುಗಳಲ್ಲಿ ಇಂದಿಗೂ ಓಡುತ್ತಿವೆ. ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ, ಟೈರ್ ಹೊಸದು ಹಾಕುತ್ತಾರೆ. ಆದರೆ ಎಷ್ಟೋ ಕಾರುಗಳಲ್ಲಿ ಚಕ್ರ ಮಾತ್ರ ಅದೇ ಹಳೆಯದು. ಇವುಗಳನ್ನು ದುರಸ್ತಿ ಮಾಡುವ ಕೆಲಸ ಒಂದು ಕಾಲಕ್ಕೆ ಪಾಲಿಶ್ ಮತ್ತು ಬಣ್ಣದ ಕುಶಲತೆಯಾಗಿತ್ತು. ಈಗ ಅದು ಲೋಹಪರೀಕ್ಷೆಯ ಶಿಸ್ತಾಗಿ ಬೆಳೆದಿದೆ. ಚಾಲಕನ ಜೀವ ಉಳಿಸುವುದು ಈ ಶಿಸ್ತೇ.

ಒಂದು ಎರಕದಿಂದ ಮೂರು ತುಂಡಿಗೆ

ಎರಕದ ಅಲ್ಯೂಮಿನಿಯಂ ಚಕ್ರಕ್ಕೆ ರೇಸಿನಲ್ಲಿ ಹೆಸರು ತಂದದ್ದು 1924ರಲ್ಲಿ ಲಿಯಾನ್ ಗ್ರ್ಯಾನ್ ಪ್ರಿಗೆ ಇಳಿದ ಬುಗಾಟಿ ಟೈಪ್ 35. ಎರಡನೇ ಮಹಾಯುದ್ಧದ ನಂತರ ಟೆಡ್ ಹ್ಯಾಲಿಬ್ರಾಂಡ್ ಇಂಡಿಯಾನಾಪೊಲಿಸ್ ಕಾರುಗಳಿಗೆ ಮೆಗ್ನೀಸಿಯಂ ಚಕ್ರಗಳನ್ನು ತಂದರು. 1950ರ ದಶಕದಲ್ಲಿ ಲೋಟಸ್, ಕೂಪರ್ ಕಾರುಗಳೂ ಅದೇ ದಾರಿ ಹಿಡಿದವು. ಅಲ್ಯೂಮಿನಿಯಂನ ಒಂದು ಘನ ಸೆಂಟಿಮೀಟರು 2.7 ಗ್ರಾಂ ತೂಗಿದರೆ ಮೆಗ್ನೀಸಿಯಂನದು 1.74 ಗ್ರಾಂ ಮಾತ್ರ.

ಆದರೆ ಒಂದೇ ತುಂಡಿನ ಚಕ್ರದ ಅಂಚು ಬಾಗಿದರೆ ಇಡೀ ಚಕ್ರವೇ ಹೋಯಿತು. ಟೈರಿನ ಅಗಲ ಬದಲಾದಾಗಲೂ ಹೊಸ ಅಚ್ಚು ಬೇಕು. ಜರ್ಮನಿಯ ಶಿಲ್ಟಾಖ್‌ನಲ್ಲಿ 1970ರಲ್ಲಿ ಶುರುವಾದ ಬಿಬಿಎಸ್ 1972ರಲ್ಲಿ ಮೂರು ತುಂಡಿನ ರೇಸ್ ಚಕ್ರ ರೂಪಿಸಿತು: ನಡುವೆ ಕಡ್ಡಿಗಳ ಭಾಗ, ಅತ್ತಿತ್ತ ಒಳ ಮತ್ತು ಹೊರ ರಿಮ್, ಎಲ್ಲವನ್ನೂ ಹಿಡಿದಿಡುವ ಸುತ್ತು ಬೋಲ್ಟುಗಳು. ರಿಮ್ ಬಾಗಿದರೆ ಅದನ್ನಷ್ಟೇ ಬದಲಿಸಿದರಾಯಿತು. ಫ್ರಾನ್ಸಿನ ಗೊಟ್ಟಿ, ಬ್ರಿಟನ್ನಿನ ಕಾಂಪೊಮೋಟಿವ್, ಇಟಲಿಯ ಸ್ಪೀಡ್‌ಲೈನ್, ಜಪಾನಿನ ಎಸ್‌ಎಸ್‌ಆರ್ ಕೂಡ ಬಿಡಿಭಾಗಗಳ ಚಕ್ರ ತಯಾರಿಸಿದವು.

ಜೋಡಣೆಯಲ್ಲೇ ಅಡಗಿದ ಅಪಾಯ

ದುರಸ್ತಿಗೆ ಅನುಕೂಲವಾದ ಜೋಡಣೆಯೇ ವಯಸ್ಸಾದಂತೆ ದುರ್ಬಲ ಜಾಗವಾಗುತ್ತದೆ. ಉಕ್ಕಿನ ಬೋಲ್ಟ್ ಮೆಗ್ನೀಸಿಯಂಗೆ ತಾಗಿದಲ್ಲಿ ತೇವ ಸೇರಿದರೆ ಮೆಗ್ನೀಸಿಯಂ ಸವೆಯತೊಡಗುತ್ತದೆ. ಹೊರಗಿನ ಬಣ್ಣದಲ್ಲಿ ಅದರ ಸುಳಿವೇ ಇರುವುದಿಲ್ಲ. ಇನ್ನೊಂದು ಶತ್ರು ಲೋಹದ ದಣಿವು. 65 ಸೆಂಟಿಮೀಟರ್ ವ್ಯಾಸದ ಟೈರ್ ಒಂದು ಕಿಲೋಮೀಟರಿಗೆ ಸುಮಾರು 490 ಸುತ್ತು ತಿರುಗುತ್ತದೆ, ಒಂದೊಂದು ಸುತ್ತಿಗೂ ಕಡ್ಡಿಗಳು ಒಮ್ಮೆ ಬಾಗಿ ನೆಟ್ಟಗಾಗುತ್ತವೆ. 500 ಕಿಲೋಮೀಟರ್ ರೇಸಿಗೆ ಇದು ಎರಡೂವರೆ ಲಕ್ಷದ ಹತ್ತಿರ. ಇಂತಿಷ್ಟು ಭಾರದೊಳಗೆ ಎಷ್ಟು ತಿರುಗಿದರೂ ಬಿರುಕು ಬರದು ಎಂಬ ಭರವಸೆ ಉಕ್ಕಿಗಿದೆ, ಅಲ್ಯೂಮಿನಿಯಂಗೆ ಇಲ್ಲ.

ಬಿರುಕನ್ನು ಕಾಣುವ ಕಲೆ

ಹತ್ತೊಂಬತ್ತನೇ ಶತಮಾನದ ರೈಲ್ವೆ ಕಾರ್ಖಾನೆಗಳಲ್ಲಿ ಭಾಗಗಳನ್ನು ಎಣ್ಣೆಯಲ್ಲಿ ಅದ್ದಿ, ಒರೆಸಿ, ಸುಣ್ಣದ ಪುಡಿ ಬಳಿದು ಬಿರುಕು ಹುಡುಕುತ್ತಿದ್ದರು. 1940ರ ದಶಕದಲ್ಲಿ ಅಮೆರಿಕದ ಸ್ವಿಟ್ಜರ್ ಸಹೋದರರು ಹೊಳೆಯುವ ಬಣ್ಣಗಳಿಂದ ಈ ವಿಧಾನವನ್ನು ಸುಧಾರಿಸಿದರು. ಉಕ್ಕಿಗೆ ಬಳಸುವ ಕಾಂತೀಯ ಪುಡಿಯ ಪರೀಕ್ಷೆ ಅಲ್ಯೂಮಿನಿಯಂ, ಮೆಗ್ನೀಸಿಯಂಗೆ ಒಗ್ಗದ ಕಾರಣ ಚಕ್ರಗಳಿಗೆ ಇಂದಿಗೂ ಡೈ ಪೆನೆಟ್ರಂಟ್ ಪರೀಕ್ಷೆಯೇ ಮುಖ್ಯ ಆಸರೆ.

ಪೂರ್ತಿ ಬಣ್ಣ ತೆಗೆದ ನಡುಭಾಗಕ್ಕೆ ಕೆಂಪು ದ್ರವ ಬಳಿದು ಹತ್ತರಿಂದ ಮೂವತ್ತು ನಿಮಿಷ ಬಿಡುತ್ತಾರೆ. ಬಿರುಕಿದ್ದರೆ ದ್ರವ ಒಳಗೆ ಇಳಿಯುತ್ತದೆ. ಮೇಲ್ಮೈ ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದಾಗ, ಬೋಲ್ಟ್ ತೂತಿನ ಅಂಚಿನಲ್ಲೋ ಕಡ್ಡಿಯ ಬುಡದಲ್ಲೋ ಕೂದಲೆಳೆಯಷ್ಟು ಕೆಂಪು ಗೆರೆ ನಿಧಾನವಾಗಿ ಮೂಡುತ್ತದೆ. ಗೆರೆ ಮೂಡಿದ ಭಾಗವನ್ನು ಕಾರಿಗೆ ಮತ್ತೆ ಹಾಕಬಾರದು. ಬಣ್ಣದ ಪದರದ ಕೆಳಗಿನ ಬಿರುಕು ಹುಡುಕಲು ಎಡ್ಡಿ ಕರೆಂಟ್, ಒಳಗಿನ ಎರಕದ ಗುಳ್ಳೆಗೆ ಎಕ್ಸ್‌-ರೇ ನೆರವಾಗುತ್ತವೆ.

ಕೆಲಸದ ಕ್ರಮ

ಕ್ರಮ ತಪ್ಪಿದರೆ ಪರೀಕ್ಷೆ ವ್ಯರ್ಥ. ಮೊದಲೇ ಜೋರಾಗಿ ಬ್ಲಾಸ್ಟಿಂಗ್ ಮಾಡಿದರೆ ಮೆತ್ತನೆಯ ಲೋಹ ಹರಡಿ ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ರಾಸಾಯನಿಕದಿಂದ ಬಣ್ಣ ತೆಗೆಯುವಾಗಲೂ ಲೋಹ ತಿಳಿದಿರಬೇಕು: ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಮೆಗ್ನೀಸಿಯಂ ಅದನ್ನು ತಾಳುತ್ತದೆ, ಬಹುತೇಕ ಆಮ್ಲಗಳು ಮೆಗ್ನೀಸಿಯಂ ಅನ್ನೇ ಕರಗಿಸುತ್ತವೆ. ಮೆಗ್ನೀಸಿಯಂ ಉಜ್ಜಿದ ಪುಡಿಗೆ ಬೆಂಕಿ ಹತ್ತಿದರೆ ನೀರು ಸುರಿಯುವಂತಿಲ್ಲ, ಒಣ ಮರಳು ಪಕ್ಕದಲ್ಲೇ ಇರಬೇಕು. ಪೌಡರ್ ಕೋಟಿಂಗ್‌ಗೆ ಬೇಕಾಗುವ 180-200 ಡಿಗ್ರಿ ಸೆಲ್ಸಿಯಸ್ ಬಿಸಿ, ಶಾಖದಿಂದ ಹದಗೊಳಿಸಿದ ಅಲ್ಯೂಮಿನಿಯಂನ ಬಲವನ್ನು ಪದೇ ಪದೇ ಬೇಯಿಸಿದಷ್ಟೂ ಕುಗ್ಗಿಸಬಲ್ಲದು.

ಜೋಡಿಸುವಾಗ ಹಳೆಯ ಬೋಲ್ಟುಗಳಿಗೆ ಜಾಗವಿಲ್ಲ. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುತ್ತದೆಂದು ನಂಬುವಂತಿಲ್ಲ. ಅಂದಕ್ಕೆಂದು ಕ್ರೋಮ್ ಲೇಪಿಸಿದರೆ ಹೆಚ್ಚು ಬಲದ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಇದ್ದಕ್ಕಿದ್ದಂತೆ ತುಂಡಾಗಬಹುದು. ತಯಾರಕರು ಹೇಳಿದ ದರ್ಜೆಯ ಹೊಸ ಬೋಲ್ಟನ್ನೇ ಹಾಕಿ, ಟಾರ್ಕ್ ರೆಂಚ್‌ನಿಂದ ಎದುರುಬದುರಾಗಿ, ಹಂತ ಹಂತವಾಗಿ ಬಿಗಿಯಬೇಕು. ರಿಮ್ ಕೂಡುವ ಸಂದಿಗೆ ಸೀಲೆಂಟ್ ಹಾಕಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕು. ಡಯಲ್ ಗೇಜ್ ಇಟ್ಟು ತಿರುಗಿಸಿ ಓಲಾಟ ಅಳೆಯುವುದು ಕೊನೆಯ ಹಂತ.

ಮುಂದೆ

ಹಳೆಯ ಅಳತೆಗೆ ಹೊಸ ರಿಮ್ ತಯಾರಿಸುವವರು ಇದ್ದಾರೆ. ಹೊಸ ಮಾದರಿಯ ಚಕ್ರಗಳ ಬಾಳಿಕೆಗೆ ಐಎಸ್ಒ 3006ರಂಥ ಪರೀಕ್ಷಾ ಮಾನದಂಡಗಳೂ ಇವೆ. ಆದರೆ ಹೊಸ ಮಾದರಿ ಯಂತ್ರದ ಮೇಲೆ ಪಾಸಾಯಿತೆಂದು ನಲವತ್ತು ವರ್ಷ ದುಡಿದ ಹಳೆಯ ಚಕ್ರ ಗಟ್ಟಿಯಾಗಿದೆ ಎಂದಾಗದು. ಅದಕ್ಕೆ ಪ್ರತಿ ಚಕ್ರಕ್ಕೂ ಗುರುತಿನ ಸಂಖ್ಯೆ, ಓಡಿದ ಗಂಟೆ, ತಿಂದ ಪೆಟ್ಟು, ಪರೀಕ್ಷೆಯ ದಿನಾಂಕ ಬರೆದಿಟ್ಟ ದಾಖಲೆ ಬೇಕು. ಮೂಲ ಚಕ್ರವನ್ನು ಪ್ರದರ್ಶನಕ್ಕಿಟ್ಟು, ಹೊಸದಾಗಿ ತಯಾರಿಸಿದ ಚಕ್ರದಲ್ಲಿ ರೇಸ್ ಓಡುವುದರಿಂದ ಇತಿಹಾಸಕ್ಕೆ ಕುಂದಿಲ್ಲ. ಮಾಲೀಕರು ವರ್ಕ್‌ಶಾಪಿಗೆ ಚಕ್ರ ಒಯ್ದಾಗ ಬಣ್ಣದ ದರ ಕೇಳುವ ಮೊದಲು ಬಿರುಕು ಪರೀಕ್ಷೆಯ ವರದಿ ಕೇಳಲಿ.